ಊರ ಹಳೆಯ ಗುಡಿಯ ಜೀರ್ಣೋದ್ಧಾರ: ಕಲ್ಲಿನ ಮಾಳಿಗೆಯ ಮೇಲೆ ಕಾಂಕ್ರೀಟು ಹಾಕಬಹುದೇ?

ಪ್ರಶ್ನೆ: ವರದಾ ತೀರದವ (ಹಾವೇರಿ ಜಿಲ್ಲೆ)

ಮಾನ್ಯರೇ, ನಮ್ಮೂರಿನ ಕಲ್ಲೇಶ್ವರ ಗುಡಿಗೆ ಗರ್ಭಗೃಹ, ಅದರ ಮುಂದಿನ ಅಂತರಾಳ, ನವರಂಗ (ನಡುವಿನ ಕಂಬಗಳ ಮಂಟಪ) ಮತ್ತು ಕಕ್ಷಾಸನವಿರುವ (ಒರಗಿ ಕೂಡುವ ಕಲ್ಲಿನ ಜಗಲಿಯಿರುವ) ಮುಖಮಂಟಪ ಇವೆ. ತಿರುಗಣಿಯಲ್ಲಿ ಕಡೆದಂತಿರುವ ಕಂಬಗಳನ್ನೂ ಬಳಪದ ಕಲ್ಲಿನ ಬಾಗಿಲವಾಡವನ್ನೂ (ಬಾಗಿಲ ಚೌಕಟ್ಟನ್ನೂ) ನೋಡಿದರೆ ಅದು ಕಲ್ಯಾಣ ಚಾಲುಕ್ಯರ ಕಾಲದ್ದೆಂದು ತೋರುತ್ತದೆ. ಅಂಗಳದಲ್ಲಿ ಒಂದು ಶಾಸನದ ಕಲ್ಲು ಮತ್ತು ಕೆಲವು ವೀರಗಲ್ಲುಗಳಿವೆ. ನಿತ್ಯಪೂಜೆ ತಪ್ಪಿಲ್ಲ. ಆದರೆ ಮಳೆಗಾಲದಲ್ಲಿ ನವರಂಗವೆಲ್ಲ ಸೋರುತ್ತದೆ, ದಕ್ಷಿಣದ ಗೋಡೆ ಹೊರಕ್ಕೆ ಉಬ್ಬಿದೆ, ಶಿಖರದ ಸಂದಿಯಲ್ಲಿ ಅರಳಿ ಗಿಡ ಬೆಳೆದಿದೆ. ಜೀರ್ಣೋದ್ಧಾರ ಸಮಿತಿಯವರು ದೇಣಿಗೆ ಕೂಡಿಸಿದ್ದು, ಮಾಳಿಗೆಯ ಮೇಲೆ ಕಾಂಕ್ರೀಟು ಹಾಕಿಸುವುದು, ಗೋಡೆಯ ಸುಣ್ಣವನ್ನು ಮರಳು ಸಿಡಿಸುವ ಯಂತ್ರದಿಂದ ತೆಗೆಸುವುದು, ನೆಲಕ್ಕೆ ಗ್ರಾನೈಟು ಹಾಸುವುದು ಎಂದು ನಿಶ್ಚಯಿಸಿದ್ದಾರೆ. ಶಾಸನದ ಕಲ್ಲನ್ನು ಹೊಸ ಪೌಳಿಯ (ಸುತ್ತಲಿನ ಆವರಣದ) ಗೋಡೆಯಲ್ಲಿ ಕೂಡಿಸುವ ಮಾತೂ ಇದೆ. ಅವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ; ಕೆಲಸದ ಕ್ರಮದ ಬಗ್ಗೆ ಮಾತ್ರ ಅಳುಕಿದೆ. ತಿಳಿದವರು ದಾರಿ ತೋರಬೇಕು.

ಉತ್ತರ 1: ಕಲ್ಲುಕೆಲಸ (ಧಾರವಾಡ)

ಚಾಲುಕ್ಯರ ಕಾಲದ ಗುಡಿಗಳಲ್ಲಿ ಗೋಡೆಯೆಂದರೆ ಒಳಗೊಂದು, ಹೊರಗೊಂದು ಕಲ್ಲಿನ ಮುಖ, ನಡುವೆ ಸಣ್ಣ ಕಲ್ಲು ಮಣ್ಣಿನ ತುಂಬು. ಕೆತ್ತಿದ ಕಲ್ಲುಗಳು ಗಾರೆಯ ಹಂಗಿಲ್ಲದೆ ತಮ್ಮ ಭಾರದಿಂದಲೇ ನಿಂತಿರುತ್ತವೆ. ಮಾಳಿಗೆಯ ಸಂದಿನಿಂದ ಇಳಿದ ನೀರು ಈ ತುಂಬನ್ನು ನೆನೆಸಿ, ತೊಳೆದು, ಕೆಳಗೆ ಕೂಡಿಸುತ್ತದೆ. ಆಗ ಹೊರಮುಖದ ಕಲ್ಲುಗಳಿಗೆ ಒಳಗಿನಿಂದ ಒತ್ತಡ ಬಿದ್ದು ಗೋಡೆ ಉಬ್ಬುತ್ತದೆ. ಹೀಗಾಗಿ ತಮ್ಮ ಗುಡಿಯ ಸೋರಿಕೆ ಮತ್ತು ಉಬ್ಬು ಬಹುಮಟ್ಟಿಗೆ ಒಂದೇ ರೋಗದ ಎರಡು ಲಕ್ಷಣಗಳು.

ಮಾಳಿಗೆಯ ಮೇಲೆ ಕಾಂಕ್ರೀಟಿನ ಹಾಸು ಬಂದರೆ ಮೊದಲೇ ಸಡಿಲವಾದ ಗೋಡೆಯ ಮೇಲೆ ಹೊಸ ಭಾರ ಬೀಳುತ್ತದೆ, ಒಳಗೆ ಉಳಿದ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ, ಸಿಮೆಂಟಿನ ಉಪ್ಪು ಕಲ್ಲಿಗೆ ಇಳಿದು ಮೇಲ್ಪದರವನ್ನು ಉದುರಿಸುತ್ತದೆ. ಮುಂದೆ ಕಾಂಕ್ರೀಟನ್ನು ತೆಗೆಯಹೋದರೆ ಅದಕ್ಕೆ ಅಂಟಿದ ಹಾಸುಗಲ್ಲುಗಳೂ ಒಡೆಯುತ್ತವೆ. ಮಾಳಿಗೆಯ ಹಳೆಯ ಗಚ್ಚು (ಸುಣ್ಣದ ಗಾರೆಯ ಹೊದಿಕೆ) ಎಲ್ಲೆಲ್ಲಿ ಸತ್ತಿದೆಯೋ ಅಲ್ಲಿ ಮಾತ್ರ ಅದನ್ನು ಬಿಡಿಸಿ, ಸುಣ್ಣ ಮತ್ತು ಇಟ್ಟಿಗೆಯ ಸುರ್ಕಿಯಿಂದ (ಪುಡಿಯಿಂದ) ಹೊಸ ಗಚ್ಚು ಹಾಕಿ, ನೀರು ಹರಿದುಹೋಗುವಷ್ಟು ಇಳಿಜಾರು ಕೊಡಬೇಕು. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಗಚ್ಚು ಬಡಿಯಬಲ್ಲ ಕೆಲಸಗಾರರನ್ನು ಹುಡುಕಬೇಕಾಗುತ್ತದೆ. ಹುಡುಕಾಟ ತಡವಾದರೂ ಅದಕ್ಕೆ ಬೆಲೆಯಿದೆ.

ಅರಳಿ ಗಿಡವನ್ನು ಕಿತ್ತು ಎಳೆಯಬೇಡಿ. ಬೇರಿನೊಂದಿಗೆ ಕಲ್ಲೂ ಬರುತ್ತದೆ. ಅದನ್ನು ಕತ್ತರಿಸಿ, ಉಳಿದ ಬುಡವನ್ನು ಔಷಧದಿಂದ ಸಾಯಿಸಿ, ಒಣಗಿದ ಮೇಲೆ ಸಂದಿಯನ್ನು ಸುಣ್ಣದ ಗಾರೆಯಿಂದ ತುಂಬುವುದು ಕ್ರಮ.

ಬುಡದ ಕಡೆಯೂ ನೋಡಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ನಮ್ಮ ಸೀಮೆಯ ಎಷ್ಟೋ ಗುಡಿಗಳ ತಳಪಾಯ ಕದಲಿದೆ. ವರದಾ ನದಿಯು ತುಂಗಭದ್ರೆಯನ್ನು ಸೇರುವಲ್ಲಿರುವ ಗಳಗನಾಥದ ಗಳಗೇಶ್ವರ ಗುಡಿಯ ಸುತ್ತ ಇಳಿಜಾರಾದ ದಪ್ಪ ಕಲ್ಲಿನ ಕಟ್ಟಡವಿದ್ದು, ಗೋಡೆಗೆ ಆಸರೆಯಾಗಲೆಂದೇ ಅದನ್ನು ಕಟ್ಟಿರಬೇಕೆಂದು ನನಗೆ ತೋರುತ್ತದೆ. ತಮ್ಮಲ್ಲಿ ರಸ್ತೆ ಎತ್ತರವಾಗಿ ಅಧಿಷ್ಠಾನ (ಗುಡಿ ನಿಂತಿರುವ ಕಲ್ಲಿನ ಪೀಠ) ಹೂತುಹೋಗಿದ್ದರೆ, ಆ ಮಣ್ಣನ್ನು ತೆಗೆದು ನೀರು ದೂರ ಹೋಗುವಂತೆ ಕಾಲುವೆ ಮಾಡಿ. ಆದರೆ ತಳಪಾಯದ ಮಟ್ಟಕ್ಕಿಂತ ಕೆಳಗೆ ಅಗೆಯಬಾರದು.

ಉತ್ತರ 2: ಬೆಟಗೇರಿ ಓದುಗ (ಗದಗ)

ಯಂತ್ರದ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಬಳಪದ ಕಲ್ಲು ಉಗುರಿನ ಗೀರಿಗೂ ಗುರುತು ಬೀಳುವಷ್ಟು ಮೆತ್ತಗಿರಬಲ್ಲದು. ಆ ಮೆದುತನದಿಂದಲೇ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ಅಷ್ಟು ನಯದ ಬಳ್ಳಿಗಳನ್ನು ಕೊರೆಯಲು ಸಾಧ್ಯವಾಯಿತು. ಅಂಥ ಕಲ್ಲಿನ ಮೇಲೆ ಮರಳು ಸಿಡಿಸಿದರೆ ಸುಣ್ಣದೊಡನೆ ಕೆತ್ತನೆಯೂ ಹೋಗುತ್ತದೆ. ಆಮ್ಲವನ್ನಂತೂ ಮುಟ್ಟಬೇಡಿ. ನೀರು, ಮೆತ್ತನೆಯ ಬ್ರಷ್ಷು, ಬಿದಿರಿನ ಚೂರುಗಳಿಂದ ಬಿಡುವಷ್ಟನ್ನು ಬಿಡಿಸಿ, ಉಳಿದದ್ದನ್ನು ರಾಸಾಯನಿಕ ಸಂರಕ್ಷಣೆ ಬಲ್ಲವರಿಗೆ ಬಿಡುವುದು ಲೇಸು.

ಗುಡಿಯು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಕೇಂದ್ರದ ಪಟ್ಟಿಯಲ್ಲಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಧಾರವಾಡ ವಲಯವನ್ನು, ರಾಜ್ಯದ ಪಟ್ಟಿಯಲ್ಲಿದ್ದರೆ ರಾಜ್ಯ ಪುರಾತತ್ವ ಇಲಾಖೆಯನ್ನು ಕೇಳದೆ ಒಂದು ಕಲ್ಲನ್ನೂ ಕದಲಿಸುವಂತಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಎರಡೂ ಪಟ್ಟಿಗಳಲ್ಲಿ ಇಲ್ಲದಿದ್ದರೆ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿಗೆ ಸಮಿತಿಯಿಂದ ಅರ್ಜಿ ಕೊಟ್ಟು ನೋಡಬಹುದು. ಹಳೆಯ ಗುಡಿಗಳ ಜೀರ್ಣೋದ್ಧಾರವೇ ಅದರ ಕಾರ್ಯ.

ಉತ್ತರ 3: ಸಮಿತಿಯ ಸದಸ್ಯ (ಬೇರೆ ಊರು, ಗದಗ ಜಿಲ್ಲೆ)

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೂ ಸಮಿತಿಯವರ ಕಷ್ಟವನ್ನೂ ತಿಳಿಯಬೇಕು. ಶ್ರಾವಣ ಸೋಮವಾರ ನೂರಾರು ಜನ ಬರುವಾಗ ನೆಲದ ಮೇಲೆ ನೀರು ನಿಂತಿದ್ದರೆ ಬೈಗುಳ ತಿನ್ನುವವರು ಅವರೇ, ಇಲಾಖೆಯ ಉತ್ತರಕ್ಕೆ ಕಾಯುವವರೂ ಅವರೇ. ಅವರಿಗೆ ಬರೀ ಬೇಡ ಬೇಡ ಎಂದರೆ ಕೆಲಸ ಸಾಗದು. ಸಾಧ್ಯವಾದರೆ ಎಲ್ಲರನ್ನೂ ಒಮ್ಮೆ ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋಗಿ. ಹಿಂದೆ ಪುಲಿಗೆರೆಯೆನಿಸಿದ್ದ ಆ ಊರಿನ ಸೋಮೇಶ್ವರ ಗುಡಿಯು ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡಿದ್ದು, ಅಲ್ಲಿ ನಂದಿಯ ಮೇಲೆ ಕುಳಿತ ಶಿವಪಾರ್ವತಿಯರಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಕಲ್ಲು ಕಲ್ಲಾಗಿಯೇ ಕಂಡರೂ ಗುಡಿ ಚೆಂದವಿರುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಗ್ರಾನೈಟಿನ ಹಟ ತಾನಾಗಿ ಸಡಿಲುತ್ತದೆ. ನೆಲದ ಹಳೆಯ ಹಾಸುಗಲ್ಲುಗಳು ಕುಸಿದಿದ್ದರೆ ಅವಕ್ಕೆ ಸಂಖ್ಯೆ ಬರೆದು ಎತ್ತಿ, ಕೆಳಗೆ ಸಮ ಮಾಡಿ, ಅವನ್ನೇ ಮತ್ತೆ ಕೂಡಿಸಬಹುದು. ಖರ್ಚೂ ಕಡಿಮೆ.

ಮರುಪ್ರಶ್ನೆ: ವರದಾ ತೀರದವ

ಎಲ್ಲರಿಗೂ ಧನ್ಯವಾದಗಳು. ಸಮಿತಿಯ ಹಿರಿಯರಿಗೆ ಇದನ್ನೆಲ್ಲ ಓದಿ ಹೇಳಿದೆ. ಯಂತ್ರವನ್ನು ಸದ್ಯಕ್ಕೆ ಕೈಬಿಟ್ಟಿದ್ದಾರೆ. ಶಾಸನದ ಕಲ್ಲನ್ನು ಏನು ಮಾಡಬೇಕು? ಉಬ್ಬಿದ ಗೋಡೆಯನ್ನು ಈಗಲೇ ಬಿಚ್ಚಿಸಬೇಕೇ?

ಉತ್ತರ 4: ಕಲ್ಲುಕೆಲಸ (ಧಾರವಾಡ)

ಶಾಸನದ ಕಲ್ಲು ನಿಂತಲ್ಲೇ ಇರಲಿ. ಗೋಡೆಯಲ್ಲಿ ಕೂಡಿಸಿದರೆ ಅದರ ಹಿಂಬದಿ ಮತ್ತು ಪಕ್ಕದ ಸಾಲುಗಳು ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಎಣ್ಣೆ ಹಚ್ಚುವುದನ್ನೂ ಅಕ್ಷರಗಳಿಗೆ ಬಣ್ಣ ತುಂಬುವುದನ್ನೂ ನಿಲ್ಲಿಸಿ. ಶಾಸನವು ಈಗಾಗಲೇ ಪ್ರಕಟವಾಗಿರಬಹುದು. ಹಾವೇರಿ, ಗದಗ ಜಿಲ್ಲೆಗಳು 1997ರಲ್ಲಿ ಬೇರೆಯಾದವು. ಆದ್ದರಿಂದ ಹಳೆಯ ಶಾಸನ ಸಂಪುಟಗಳಲ್ಲಿ ತಮ್ಮೂರನ್ನು ಧಾರವಾಡ ಜಿಲ್ಲೆಯಡಿ ಹುಡುಕಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ. ಶಾಸನದ ಪಾಠ (ಅದರಲ್ಲಿ ಬರೆದಿರುವುದು) ದೊರೆತರೆ ಗುಡಿಯ ಕಾಲ, ದತ್ತಿ ಕೊಟ್ಟವರು, ದೇವರ ಹಳೆಯ ಹೆಸರು ತಿಳಿಯುವ ಸಂಭವವಿದೆ.

ಗೋಡೆಯನ್ನು ಈಗಲೇ ಬಿಚ್ಚಬೇಡಿ. ಅದು ಇನ್ನೂ ಚಲಿಸುತ್ತಿದೆಯೇ ಅಥವಾ ಎಂದೋ ಉಬ್ಬಿ ನಿಂತಿದೆಯೇ ಎಂದು ಮೊದಲು ತಿಳಿಯಬೇಕು. ಬಿರುಕಿನ ಎರಡೂ ಬದಿಗೆ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ದಿನಾಂಕ ಬರೆದಿಡಿ. ಗೋಡೆ ಕದಲಿದರೆ ಗಾಜು ಸೀಳುತ್ತದೆ. ಅಷ್ಟರಲ್ಲಿ ಪ್ರತಿಯೊಂದು ಗೋಡೆಯ ಛಾಯಾಚಿತ್ರ ಮತ್ತು ಅಳತೆಯ ನಕ್ಷೆ ಸಿದ್ಧವಾಗಲಿ. ಮಾಳಿಗೆಯ ಗಚ್ಚು ಮತ್ತು ಸುತ್ತಲಿನ ಕಾಲುವೆಯ ಕೆಲಸ ಮುಗಿದು ಒಂದು ಮಳೆಗಾಲ ಕಳೆದ ಮೇಲೂ ಗಾಜು ಒಡೆದರೆ, ಪುರಾತತ್ವ ಬಲ್ಲ ಎಂಜಿನಿಯರರ ಎದುರಿನಲ್ಲೇ ಕಲ್ಲುಗಳಿಗೆ ಸಂಖ್ಯೆ ಬರೆದು ಆ ಭಾಗವನ್ನಷ್ಟೇ ಬಿಚ್ಚಿ ಕಟ್ಟಿಸಿ. ಉಬ್ಬು ಈಗಲೇ ಬೀಳುವಂತೆ ಕಂಡರೆ ಮಾತ್ರ ಕಾಯದೆ ಮರದ ದಿಮ್ಮಿಗಳಿಂದ ಆಸರೆ ಕೊಟ್ಟು, ಆ ಬದಿಯ ಪ್ರದಕ್ಷಿಣೆಯನ್ನು ನಿಲ್ಲಿಸಿ.