ಸ್ಟೀರಿಂಗ್ ಪಂಪ್ ಗುಂಯ್ ಅಂತಿದೆ, ಪುಲ್ಲಿ ಹೊರಗೆ ಕೂತಿದೆ: ಅನುಭವ ಇದ್ದವರು ಹೇಳಿ

ಜಮಖಂಡಿ ಡೀಸೆಲ್: ಹಳೇ ಡೀಸೆಲ್ ಗಾಡಿ, 1,60,000 ಕಿ.ಮೀ. ಓಡಿದೆ. ಹೋದ ತಿಂಗಳು ಪವರ್ ಸ್ಟೀರಿಂಗ್ ಪಂಪ್ ಬದಲಿಸಿದೆ. ಈಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಗುಂಯ್ ಅನ್ನುತ್ತೆ. ಪಂಪಿನ ಪುಲ್ಲಿ (ಬೆಲ್ಟ್ ಓಡುವ ಚಕ್ರ) ಹೊರಗೆ ಕೂತಿದೆ, ಬೆಲ್ಟಿನ ಅಂಚು ನೂಲು ಬಿಡುತ್ತಿದೆ. ಪಂಪ್ ಮತ್ತೆ ಬಿಚ್ಚಿಸಬೇಕಾ?

ಇಂಡಿ ರಸ್ತೆ: ನನ್ನದು ಕೇಳಿ ಸರ್. ವಿಜಯಪುರದ ಒಂದು ಗ್ಯಾರೇಜಿನಲ್ಲಿ ಹೊಸ ಪಂಪ್ ಹಾಕಿಸಿದೆ. ಪಂಪ್ 8,700, ಕೂಲಿ 1,200, ಆಯಿಲ್ 450. ನನ್ನ ಗಾಡಿಯಲ್ಲಿ ಪುಲ್ಲಿ ಶಾಫ್ಟಿನ ಮೇಲೆ ಬಿಗಿಯಾಗಿ ಕೂರುವಂಥದ್ದು. ಹುಡುಗ ಮರದ ತುಂಡು ಇಟ್ಟು ಸುತ್ತಿಗೆಯಿಂದ ಬಡಿದ. ಆ ಏಟು ಶಾಫ್ಟಿನಿಂದ ನೇರ ಪಂಪಿನ ಒಳಗೇ ಹೋಗುತ್ತೆ. ಹನ್ನೊಂದನೇ ದಿನ ಆಯಿಲ್ ತಡೆಯುವ ಸೀಲ್ ಹೋಯಿತು. ಬೆಳಿಗ್ಗೆ ನೋಡಿದರೆ ಮುಂದಿನ ಗಾಲಿ ಹತ್ತಿರ ಕೆಂಪು ಆಯಿಲ್. ಮತ್ತೆ ಪಂಪಿಗೆ 8,700, ಆಯಿಲಿಗೆ 450, ಕೂಲಿ 800. ಒಟ್ಟು 20,300. ಎರಡನೇ ಸಲ, ಶಾಫ್ಟಿನ ನಡುವಿನ ಥ್ರೆಡ್ಡಿಗೆ ಬೋಲ್ಟ್ ಹಾಕಿ ಪುಲ್ಲಿಯನ್ನು ಮೆಲ್ಲಗೆ ಒತ್ತಿ ಕೂರಿಸುವ ಟೂಲ್ ಇದ್ದವರನ್ನೇ ಹುಡುಕಿದೆ. ಹತ್ತು ನಿಮಿಷದ ಕೆಲಸ. ಎರಡು ವರ್ಷ ಆಯಿತು, ಸದ್ದಿಲ್ಲ.

ಚೋರ್ಲಾ ಸವಾರ: ಎಲ್ಲರೂ ಪಂಪ್ ಪಂಪ್ ಅಂತೀರಿ. ನನ್ನ ಪಂಪ್ ಗಟ್ಟಿಯಾಗೇ ಇತ್ತು. ಬ್ರಾಕೆಟ್ ಬೋಲ್ಟ್ ಸಡಿಲಾಗಿ ವಾಲಿತ್ತು, ಅಷ್ಟೇ. ಮೂರು ಬೆಲ್ಟ್ ತಿಂತು. ಪ್ರತಿ ಸಲ ಬೆಲ್ಟ್ ಲೋಕಲ್ ಅಂದು ಬದಲಿಸಿದರು. ಕೊನೆಗೆ ಬೆಳಗಾವಿಯಿಂದ ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟಿನ ತಿರುವಿನಲ್ಲಿ ಬೆಲ್ಟ್ ಹಾರಿ ಸ್ಟೀರಿಂಗ್ ಕಲ್ಲಾಯಿತು. ಹಿಂದಿನ ಸೀಟಿನಲ್ಲಿ ಅವ್ವ, ಇಬ್ಬರು ಮಕ್ಕಳು. ಎರಡೂ ಕೈಯಲ್ಲಿ ಜಗ್ಗಿ ಬದಿಗೆ ಹಾಕಿದೆ. ಎಳೆದು ತರಲು 4,500. ಉದ್ಯಮಬಾಗದ ಲೇತಿನ ಕಾಕಾ ಒಬ್ಬರು ಸ್ಟೀಲ್ ಪಟ್ಟಿಯನ್ನು ಕ್ರ್ಯಾಂಕ್ ಪುಲ್ಲಿಗೆ (ಬೆಲ್ಟ್ ತಿರುಗಿಸುವ ಎಂಜಿನ್ ಪುಲ್ಲಿ) ಒತ್ತಿ ಹಿಡಿದು ತೋರಿಸಿದರು. ಪಂಪ್ ಪುಲ್ಲಿ ಹತ್ತಿರ ನಾಣ್ಯ ತೂರುವಷ್ಟು ಸಂದು! ಅಂದರೆ ಎರಡೂ ಪುಲ್ಲಿ ಒಂದೇ ಸಾಲಿನಲ್ಲಿಲ್ಲ. ಬೋಲ್ಟು, ವಾಷರು ಸೇರಿ 60 ರೂಪಾಯಿ.

ನವನಗರ ಬಾಗಲಕೋಟೆ: ಪಟ್ಟಿ ಪುಲ್ಲಿ ಮುಖಕ್ಕೆ ಇಟ್ಟರೆ ಸಾಲದು. ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇರಬಹುದು, ಗ್ರೂವಿಗೆ ಗ್ರೂವ್ (ಬೆಲ್ಟ್ ಕೂರುವ ಗಾಡಿ) ನೋಡಬೇಕು. ಇನ್ನು ನನ್ನ ಗಾಡಿಯ ಸದ್ದು ಆಯಿಲಿನಲ್ಲಿ ಸೇರಿದ ಗಾಳಿಯದು. ಆಯಿಲ್ ಡಬ್ಬಿ ಮುಚ್ಚಳ ತೆಗೆದರೆ ಆಯಿಲ್ ಮಜ್ಜಿಗೆ ಹಾಗೆ ನೊರೆ. ಮುಂದಿನ ಗಾಲಿ ಎತ್ತಿ, ಎಂಜಿನ್ ಬಂದ್ ಮಾಡಿ, ಸ್ಟೀರಿಂಗ್ ಆ ಕಡೆ ಈ ಕಡೆ ಇಪ್ಪತ್ತು ಸಲ ತಿರುಗಿಸಿದೆ. ನಡುವೆ ಆಯಿಲ್ ತುಂಬುತ್ತಾ ಹೋದೆ. ಗುಳ್ಳೆ ನಿಂತಿತು, ಸದ್ದೂ ನಿಂತಿತು. ಅದಕ್ಕೂ ಮುಂಚೆ ಸುಮ್ನೆ ಎರಡು ಬೆಲ್ಟ್, 1,300 ರೂಪಾಯಿ ಹಾಳು.

ಇಂಡಿ ರಸ್ತೆ: 60 ರೂಪಾಯಿ ಲೆಕ್ಕ ಹೇಳಿ ಜನರ ದಾರಿ ತಪ್ಪಿಸಬೇಡಿ. ಒಳಗೆ ಏಟು ತಿಂದ ಪಂಪಿಗೆ ವಾಷರ್ ಏನು ಮಾಡುತ್ತೆ?

ಚೋರ್ಲಾ ಸವಾರ: ನಿಮ್ಮ ಎದುರೇ ಸುತ್ತಿಗೆ ಎತ್ತಿದರು. ಆಗಲೇ ತಡೆಯಬೇಕಿತ್ತು ಅಲ್ವಾ?

ಇಂಡಿ ರಸ್ತೆ: ಲೇತ್ ಶಾಪ್ ಮನೆ ಪಕ್ಕ ಇದ್ದವರಿಗೆ ಮಾತು ಸುಲಭ. ನಾನು ಆ ಟೂಲ್ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋಗಿದ್ದೇನೆ, ನೂರು ಕಿಲೋಮೀಟರ್, ಹೆಜ್ಜೆಗೊಂದು ಸಲ ಆಯಿಲ್ ಸುರಿಯುತ್ತಾ.

ಚೋರ್ಲಾ ಸವಾರ: ಇಡೀ ವಿಜಯಪುರದಲ್ಲಿ ಒಂದು ಪುಲ್ಲಿ ಟೂಲ್ ಇಲ್ಲ ಅಂದರೆ ನಾನು ನಂಬಲ್ಲ.

ಇಂಡಿ ರಸ್ತೆ: ಒಂಬತ್ತು ಕಡೆ ಕೇಳಿದೆ ರೀ. ಬಂದು ನೀವೇ ಹುಡುಕಿ.

ನವನಗರ ಬಾಗಲಕೋಟೆ: ಜಮಖಂಡಿಯವರೇ, ಆಯಿಲಿನಲ್ಲಿ ನೊರೆ ಇದೆಯಾ ನೋಡಿದಿರಾ?