ಅಪ್‌ಡೇಟ್: ಲಾ ರೊಷೆಲ್‌ಗೆ ಹೋಗಿ ಬಂದೆವು

ಫ್ರಾನ್ಸಿನ ಅಟ್ಲಾಂಟಿಕ್ ತೀರದ ಲಾ ರೊಷೆಲ್ ನೋಡಲು ಎರಡು ದಿನ ಸಾಕೇ, ಕಾರು ಬೇಕೇ ಎಂದು ಕೇಳಿದ್ದೆ. ಕಾರು ಖಂಡಿತ ಬೇಡ. ಪ್ಯಾರಿಸ್ಸಿನ ಮಾಂಪರ್ನಾಸ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಮೂರು ಗಂಟೆ. ಇಳಿದು ಸ್ವಲ್ಪ ನಡೆದರೆ ಹಳೆಯ ಬಂದರು.

ಎರಡು ದಿನ ಮಾತ್ರ ಸಾಲಲಿಲ್ಲ. ಮೊದಲ ದಿನವನ್ನು ಗೋಪುರಗಳೇ ನುಂಗಿದವು. ಬಂದರಿನ ಬಾಯಲ್ಲಿ ಎದುರುಬದುರಾಗಿ ಸೇಂಟ್ ನಿಕೊಲಾ ಗೋಪುರ, ಸರಪಳಿ ಗೋಪುರ. ಹಿಂದೆ ಇವುಗಳ ನಡುವೆ ಸರಪಳಿ ಎಳೆದು ಹಡಗುಗಳನ್ನು ತಡೆಯುತ್ತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ತುಸು ಆಚೆಯ ಲಾಂದ್ರ ಗೋಪುರ. ಅಲ್ಲಿ ಸೆರೆಯಲ್ಲಿದ್ದ ನಾವಿಕರು ಗೋಡೆಯಲ್ಲಿ ಕೊರೆದ ಹಡಗುಗಳು, ಹೆಸರುಗಳು ಇನ್ನೂ ಇವೆ. ಸಮುದ್ರ ಕಣ್ಣೆದುರೇ ಇದ್ದೂ ಹೋಗಲಾಗದವರ ಕೆತ್ತನೆ!

ಪ್ರಾಟೆಸ್ಟೆಂಟರ ನೆಲೆಯಾಗಿದ್ದ ಈ ಊರನ್ನು 1627–28ರಲ್ಲಿ ಫ್ರಾನ್ಸಿನ ಕ್ಯಾಥೊಲಿಕ್ ರಾಜನ ಮುಖ್ಯ ಮಂತ್ರಿ ಕಾರ್ಡಿನಲ್ ರಿಷೆಲ್ಯೂ ಮುತ್ತಿ, ಸಮುದ್ರಕ್ಕೇ ಅಡ್ಡಗಟ್ಟೆ ಹಾಕಿಸಿ, ಹಸಿವಿನಿಂದ ಮಣಿಸಿದ. ಅದನ್ನು ತಿಳಿದು ಬಂದರಿನಲ್ಲಿ ನಿಂತರೆ ನೋಟವೇ ಬೇರೆ.

‘ಹೊಸ ಜಗತ್ತಿನ (ಅಂದರೆ ಅಮೆರಿಕ ಖಂಡಗಳ) ವಸ್ತುಸಂಗ್ರಹಾಲಯ ಬಿಡಿ’ ಎಂದವರ ಮಾತನ್ನು ಕೇಳದೆ ಒಳ್ಳೆಯದೇ ಮಾಡಿದೆ. ಊರಿನ ಸಿರಿವಂತಿಕೆಯ ಹಿಂದಿದ್ದ ಸಕ್ಕರೆ ಮತ್ತು ಗುಲಾಮರ ವ್ಯಾಪಾರವನ್ನು ಅಲ್ಲಿ ಮುಚ್ಚಿಟ್ಟಿಲ್ಲ.

ರೇ ದ್ವೀಪಕ್ಕೆ 1988ರಲ್ಲಿ ತೆರೆದ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋದೆವು. ಅಲ್ಲಿ ಬಾಡಿಗೆ ಸೈಕಲ್ ಏರಿ ಉಪ್ಪಿನ ಗದ್ದೆಗಳ ನಡುವೆ ಸುತ್ತಾಡಿದೆವು. ಬರುವಾಗ ಎದುರುಗಾಳಿ, ಅಮ್ಮ ಸೈಕಲ್ ಇಳಿದು ತಳ್ಳಿಕೊಂಡೇ ಬಂದರು. ಸಸ್ಯಾಹಾರದ ಚಿಂತೆ ಬೇಡ, ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ, ಕಂದುಬಣ್ಣದ ಗಾಲೆಟ್ ದೋಸೆ ಎಲ್ಲೆಡೆ ಸಿಗುತ್ತದೆ; ಮೊಟ್ಟೆ, ಹಂದಿಮಾಂಸ ಬೇಡವೆಂದು ಮೊದಲೇ ಹೇಳಿ.