ಚರಂಡಿ ಸಭೆ ವಿಷಯ: ನನ್ನ ಉತ್ತರ ಸ್ವಲ್ಪ ಉದ್ದ ಇದೆ, ಪೂರ್ತಿ ಕೇಳಿ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ ಅಂತ ವಾಯ್ಸ್ ಹಾಕುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ನಮ್ಮ ಬೀದಿಯ ಚರಂಡಿ ಬಗ್ಗೆ ಮಾತಾಡಲು ಭಾನುವಾರ ಸಭೆ ಸೇರೋಣ ಅಂತ ನಾನು ಹೇಳಿದ್ದೆ. ಅದಕ್ಕೆ ನಿನ್ನೆಯಿಂದ ಗ್ರೂಪಿನಲ್ಲಿ ಎರಡು ಮಾತು ಓಡುತ್ತಿವೆ. ಮೂರನೇ ಕ್ರಾಸಿನವರು ಹೇಳುತ್ತಾರೆ, ‘ನಾವು ಟ್ಯಾಕ್ಸ್ ಕಟ್ಟುತ್ತೇವೆ, ಚರಂಡಿ ಮಾಡಿಸುವುದು ಪಾಲಿಕೆ ಕೆಲಸ, ಭಾನುವಾರ ಸಭೆ ಯಾಕೆ?’ ಇನ್ನು ಕೆಲವರು, ‘ಮನೆಗೆ ಎರಡು ಸಾವಿರ ಹಾಕಿ, ನಾವೇ ಮಾಡಿಸಿಬಿಡೋಣ’ ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆ ಇಲ್ಲ.

ದುಡ್ಡು ಹಾಕುವವರ ಮಾತು ಮೊದಲು. ನಿಮ್ಮ ಉತ್ಸಾಹ ಸರಿ. ಆದರೆ ಚರಂಡಿ ನಮ್ಮ ಬೀದಿಯಲ್ಲಿ ಮುಗಿಯುವುದಿಲ್ಲ. ಇಲ್ಲಿಂದ ದೊಡ್ಡ ಮೋರಿ, ಅಲ್ಲಿಂದ ರಾಜಕಾಲುವೆ. ಕೆಳಗಿನ ಮೋರಿ ನಮ್ಮ ಚರಂಡಿಗಿಂತ ಎತ್ತರದಲ್ಲಿದ್ದರೆ, ನಾವು ಅಮೃತಶಿಲೆ ಹಾಕಿಸಿದರೂ ನೀರು ವಾಪಸ್ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ರಸ್ತೆ ಅಗೆಯಲು ಅನುಮತಿ ಬೇರೆ ಬೇಕು.

ಜನರೇ ಸೇರಿ ಒಳಚರಂಡಿ ಮಾಡಿಕೊಂಡ ಉದಾಹರಣೆ ಇಲ್ಲ ಅಂತಲ್ಲ. ಕರಾಚಿಯ ಓರಂಗಿಯಲ್ಲಿ ಮಾಡಿದರು. ಪಾಕಿಸ್ತಾನದ ಉದಾಹರಣೆ ಅಂತ ಬೈಯಬೇಡಿ, ಕೆಲಸ ನೋಡಿ. 1980ರಲ್ಲಿ ಅಖ್ತರ್ ಹಮೀದ್ ಖಾನ್ ಅನ್ನುವವರು ಶುರು ಮಾಡಿದ್ದು. ಒಂದೊಂದು ಓಣಿಯವರು ಒಂದೊಂದು ಗುಂಪಾದರು. ತಮ್ಮಲ್ಲೇ ಒಬ್ಬರನ್ನು ಮುಂದಾಳು ಮಾಡಿಕೊಂಡರು, ದುಡ್ಡು ಸೇರಿಸಿದರು, ಪೈಪು ತಾವೇ ಹಾಕಿದರು. ನಕ್ಷೆ, ಅಳತೆ, ಸಲಕರಣೆ ಮಾತ್ರ ಆ ಯೋಜನೆಯವರು ಕೊಟ್ಟರು. ಗುತ್ತಿಗೆದಾರ ನಡುವೆ ಇಲ್ಲದ್ದರಿಂದ ಖರ್ಚು ತುಂಬಾ ಕಡಿಮೆಯಾಯಿತು. ಆದರೆ ಗಮನಿಸಿ. ಮನೆಯ ಶೌಚಾಲಯ ಮತ್ತು ಓಣಿಯ ಪೈಪು ಜನರದ್ದು, ಮುಖ್ಯ ಕಾಲುವೆ ಮತ್ತು ಶುದ್ಧೀಕರಣ ಸರ್ಕಾರದ್ದು ಅಂತ ಅವರು ಮೊದಲೇ ಪಾಲು ಮಾಡಿಕೊಂಡಿದ್ದರು. ಅಲ್ಲಿ ಸರ್ಕಾರ ಓಣಿಗೆ ಬರುವ ಲಕ್ಷಣವೇ ಇರಲಿಲ್ಲ, ಅದಕ್ಕೇ ಜನ ಕೈ ಹಾಕಿದರು. ನಮಗೆ ಆ ಗತಿ ಬಂದಿಲ್ಲ. ನಾವು ಕಟ್ಟಿದ ತೆರಿಗೆಯ ಕೆಲಸಕ್ಕೆ ಮತ್ತೆ ಜೇಬಿನಿಂದ ಯಾಕೆ ಕೊಡಬೇಕು?

ಈಗ ‘ಪಾಲಿಕೆ ಮಾಡಲಿ, ನಾವು ಸುಮ್ನೆ ಇರೋಣ’ ಅನ್ನುವವರಿಗೆ. ಸರ್ವಿಸ್ ಪೂರ್ತಿ ಬಿಲ್ ಸೆಕ್ಷನ್ನಿನಲ್ಲಿ ಫೈಲು ನೋಡಿದವಳು ನಾನು. ಒಂದು ಕಾಮಗಾರಿ ಹೇಗೆ ನಡೆಯುತ್ತದೆ ಅಂದರೆ, ಮೊದಲು ಇಂಜಿನಿಯರ್ ಬಂದು ನೋಡಿ ಎಸ್ಟಿಮೇಟ್ ಮಾಡುತ್ತಾರೆ. ಆಮೇಲೆ ಮಂಜೂರಾತಿ, ಟೆಂಡರ್, ವರ್ಕ್ ಆರ್ಡರ್. ಕೆಲಸ ಆದ ಹಾಗೆ ಎಂ.ಬಿ., ಅಂದರೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಮಾಡುತ್ತಾರೆ. ಎಸ್ಟಿಮೇಟಿನಲ್ಲಿ ಇಲ್ಲದ ಒಂದು ಕಿಂಡಿಯನ್ನೂ ಗುತ್ತಿಗೆದಾರ ಮಾಡುವುದಿಲ್ಲ. ಮಾಡಿದರೆ ಅದಕ್ಕೆ ಅವನಿಗೆ ಬಿಲ್ ಆಗುವುದಿಲ್ಲ. ನಾವು ಬಾಯಿ ಬಿಡುವುದು ಯಾವಾಗ? ಜೆಸಿಬಿ ಬಂದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹೋದ ಸಲ ಚರಂಡಿ ಮೇಲೆ ಹಾಕಿದ ಸ್ಲ್ಯಾಬ್ ಜ್ಞಾಪಕ ಇದೆಯಾ? ಎರಡನೇ ಕ್ರಾಸಿನಲ್ಲಿ ಈ ತುದಿಯಿಂದ ಆ ತುದಿವರೆಗೆ ಸಾಲಾಗಿ ಮುಚ್ಚಿಬಿಟ್ಟರು. ನೋಡುವುದಕ್ಕೆ ಚೆನ್ನಾಗಿತ್ತು, ಫೋಟೋ ಕೂಡ ಇದೇ ಗ್ರೂಪಿನಲ್ಲಿ ಬಂತು. ಹೂಳು ತೆಗೆಯಲು ಎತ್ತುವ ಸ್ಲ್ಯಾಬ್ ಒಂದೂ ಇಲ್ಲ. ಪೌರಕಾರ್ಮಿಕರು ಹಾರೆ ಹಾಕಿ ಮೀಟಿದರು, ಅಂಚು ಒಡೆಯಿತು. ಈಗ ಅಲ್ಲೇ ಸ್ಕೂಟರ್ ಚಕ್ರ ಇಳಿಯುತ್ತದೆ. ಎಂಟು ಹತ್ತು ಅಡಿಗೊಂದು ಹಿಡಿ ಇರುವ ಸ್ಲ್ಯಾಬ್ ಬೇಕು ಅಂತ ಮೊದಲೇ ಹೇಳಿದ್ದರೆ ಮುಗಿಯುತ್ತಿತ್ತು. ಸ್ಲ್ಯಾಬ್ ಎತ್ತುವವರನ್ನು ಕೇಳಿದ್ದರೆ ಅವರೇ ಹೇಳುತ್ತಿದ್ದರು.

ಮೂಲೆ ಮನೆ ಅಜ್ಜಿಯ ಗೇಟು ನೋಡಿದ್ದೀರಾ? ಜೋರು ಮಳೆ ಬಂದಾಗಲೆಲ್ಲ ನೀರು ಎಲ್ಲಿವರೆಗೆ ಏರಿತು ಅಂತ ಕಂಬದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಎಲ್ಲಕ್ಕಿಂತ ಮೇಲಿನ ಗೆರೆ 2022ರ ಮಳೆಗಾಲದ್ದು, ನನ್ನ ಮೊಣಕಾಲಿಗೆ ಬರುತ್ತದೆ. ಸರ್ವೆಗೆ ಬರುವವರು ಬರುವುದು ಬೇಸಿಗೆಯಲ್ಲಿ, ನೆಲ ಒಣಗಿ ಬಿರುಕು ಬಿಟ್ಟಾಗ. ಅವರಿಗೆ ಆ ಕಂಬ ತೋರಿಸುವವರು ಯಾರು? ನಾವೇ ಅಲ್ವಾ. ನಾನು ಸಭೆ ಅಂದದ್ದು ಇದಕ್ಕೆ. ಶ್ರಮದಾನ ಮಾಡಿ ಅಂತ ಯಾರನ್ನೂ ಕರೆಯುತ್ತಿಲ್ಲ.

‘ನಮ್ಮ ಮಾತು ಯಾರು ಕೇಳುತ್ತಾರೆ’ ಅಂತ ಒಬ್ಬರು ಕೇಳಿದ್ದಾರೆ. ಕೇಳಬೇಕು ಅಂತ ಕಾಯ್ದೆಯೇ ಇದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. 3 ಲಕ್ಷ ಅಥವಾ ಜಾಸ್ತಿ ಜನ ಇರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದರಲ್ಲಿದೆ. 2011ರ ಜನಗಣತಿಯಲ್ಲೇ ನಮ್ಮ ತುಮಕೂರು 3 ಲಕ್ಷ ದಾಟಿತ್ತು. ನಮ್ಮ ರಾಜ್ಯದ ಪಾಲಿಕೆ ಕಾಯ್ದೆಯಲ್ಲೂ ವಾರ್ಡ್ ಸಮಿತಿ, ಅದರ ಕೆಳಗೆ ಏರಿಯಾ ಸಭೆ ಅಂತ ಸೇರಿಸಿದ್ದಾರೆ. ಸಮಿತಿಗೆ ನೇಮಕವಾಗುವ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಏರಿಯಾ ಸಭೆಗಂತೂ ಆ ಏರಿಯಾದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸದಸ್ಯರೇ. ಮನೆ ಸ್ವಂತದ್ದಾ ಬಾಡಿಗೆಯದ್ದಾ ಅಂತ ಕಾಯ್ದೆ ಕೇಳುವುದಿಲ್ಲ. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ನಮ್ಮೂರು 2016ರಲ್ಲಿ ಆಯ್ಕೆಯಾಯಿತಲ್ಲ, ಅದರ ನಿಯಮದಲ್ಲೂ ಜನರನ್ನು ಕೇಳಿಯೇ ಯೋಜನೆ ಮಾಡಬೇಕು ಅಂತ ಇತ್ತು. ಒಂದು ಸಲ ಮೊಬೈಲಿನಲ್ಲಿ ಓಟು ಒತ್ತಿಸಿಕೊಂಡರೆ ಕೇಳಿದ ಹಾಗೆ ಆಯಿತಾ ಅನ್ನುವುದು ಬೇರೆ ಜಗಳ, ಅದು ಈಗ ಬೇಡ.

ಕೋಪ ಮಾಡಿಕೊಳ್ಳಬೇಡಿ, ಇನ್ನೊಂದು ಹೇಳುತ್ತೇನೆ. ಈ ಗ್ರೂಪಿನಲ್ಲಿ ಇರುವವರೆಲ್ಲ ಸ್ವಂತ ಮನೆಯವರು. ಹಿಂದಿನ ಶೀಟ್ ಮನೆಗಳ ಸಾಲಿನವರು ಒಬ್ಬರೂ ಇಲ್ಲ. ಬಾಡಿಗೆಗೆ ಇರುವ ಕಾಲೇಜು ಹುಡುಗರೂ ಇಲ್ಲ. ನಮ್ಮ ಚರಂಡಿ ನೀರು ಮೊದಲು ಹೋಗಿ ನಿಲ್ಲುವುದೇ ಆ ಶೀಟ್ ಮನೆಗಳ ಮುಂದೆ. ನಮ್ಮ ಕಡೆ ಆಳ ಜಾಸ್ತಿ ಮಾಡಿಸಿ ನೀರನ್ನು ಅವರ ಬಾಗಿಲಿಗೆ ದೂಡಿದರೆ ಅದನ್ನು ಅಭಿವೃದ್ಧಿ ಅಂತ ನಾನು ಒಪ್ಪುವುದಿಲ್ಲ. ಸಭೆ ಬೆಳಿಗ್ಗೆ ಹತ್ತಕ್ಕೆ ಅಂತ ಹಾಕಿದ್ದೀರಿ. ಆ ಹೊತ್ತಿಗೆ ಅಲ್ಲಿನ ಹೆಂಗಸರು ಹೂವು ಮಾರಲು ಹೋಗಿರುತ್ತಾರೆ. ಸಂಜೆ ಐದಕ್ಕೆ ಇಡಿ. ಅಸೋಸಿಯೇಷನ್ ಹಾಲ್ ಬೇಡ, ಅಲ್ಲಿಗೆ ಬರಲು ಅವರು ಹಿಂಜರಿಯುತ್ತಾರೆ. ಅರಳಿಕಟ್ಟೆ ಹತ್ತಿರ ಕೂರೋಣ.

ಪಾರ್ಕ್ ಜಾಗದಲ್ಲಿ ಗುಡಿ ಕಟ್ಟೋಣ ಅನ್ನುವ ಮಾತು ಅವತ್ತು ತೆಗೆಯಬೇಡಿ. ಪಾರ್ಕ್, ಆಟದ ಮೈದಾನ ಉಳಿಸಲು 1985ರ ಕಾಯ್ದೆ ಇದೆ, ಅಲ್ಲಿಗೆ ಆ ವಿಷಯ ಮುಗಿಯಿತು.

ಅವತ್ತು ಆಗಬೇಕಾದ ಕೆಲಸ ಇಷ್ಟೇ. ನೀರು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಒಂದು ದೊಡ್ಡ ಹಾಳೆಯಲ್ಲಿ ಎಲ್ಲರೂ ಸೇರಿ ಗುರುತು ಹಾಕೋಣ. ಅದರ ಜೊತೆ ಅರ್ಜಿ ಕೊಟ್ಟು, ಎಸ್ಟಿಮೇಟ್ ಮಾಡುವ ಮುಂಚೆ ಇಂಜಿನಿಯರ್ ನಮ್ಮ ಜೊತೆ ಬೀದಿ ಸುತ್ತಲಿ ಅಂತ ಕೇಳೋಣ. ಸ್ವೀಕೃತಿ ಸೀಲ್ ಇಲ್ಲದೆ ವಾಪಸ್ ಬರಬಾರದು. ಹಳೆಯ ಕಾಮಗಾರಿಯ ಎಸ್ಟಿಮೇಟ್ ಮತ್ತು ಎಂ.ಬಿ. ನಕಲು ಬೇಕೆಂದರೆ ಆರ್‌ಟಿಐ ಹಾಕೋಣ. ಹತ್ತು ರೂಪಾಯಿ ಶುಲ್ಕ, ಉತ್ತರ ಕೊಡಲು 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಕಥೆ ಬರೆಯಬೇಡಿ, ನೇರವಾಗಿ ಯಾವ ದಾಖಲೆ ಬೇಕು ಅಂತ ಕೇಳಿ.

ಅರ್ಜಿಯ ಕರಡು ನಾನು ಇವತ್ತು ರಾತ್ರಿ ಬರೆಯುತ್ತೇನೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಲು ಯಾರಾದರೂ ಹುಡುಗರು ಬನ್ನಿ. ಉದ್ದದ ಅಳತೆ ಟೇಪು ಯಾರ ಮನೆಯಲ್ಲಿದೆ ಹೇಳಿ. ಶೀಟ್ ಮನೆಗಳಿಗೆ ಕರೆಯಲು ನಾನು ನಾಳೆ ಸಂಜೆ ಹೋಗುತ್ತೇನೆ, ಜೊತೆಗೆ ಇನ್ನಿಬ್ಬರು ಬನ್ನಿ. ಬರುವವರು ಇಲ್ಲೇ ಹೆಸರು ಹಾಕಿ, ಬರೀ ಕೈ ಮುಗಿಯುವ ಎಮೋಜಿ ಬೇಡ.